ತಾಳ ತಪ್ಪದಿರಲಿ ಮನೆ ವಿಡಿಯೊ!

ಫೋನಿನ ತುಂಬ ವಿಡಿಯೊ ಇವೆ, ನೋಡೋರು ಮಾತ್ರ ಯಾರೂ ಇಲ್ಲ. ಹಾಡಿನ ತಾಳಕ್ಕೆ ಸರಿಯಾಗಿ ಕತ್ತರಿ ಹಾಕೋದನ್ನು ಕಲಿತರೆ ಅದೇ ವಿಡಿಯೊವನ್ನು ಊರಿನವರೂ ಮತ್ತೆ ಮತ್ತೆ ಹಾಕಿಸಿಕೊಂಡು ನೋಡ್ತಾರೆ. ಚಿಕ್ಕಂದಿನಲ್ಲಿ ಸಂಗೀತದ ಕ್ಲಾಸಿಗೆ ಹೋಗಿದ್ದೀರಾ? ಹಾಗಾದರೆ ಅರ್ಧ ಕೆಲಸ ನಿಮಗೆ ಆಗಲೇ ಗೊತ್ತಿದೆ!

ಗೃಹಪ್ರವೇಶ, ಸೀಮಂತ, ನಾಮಕರಣ, ಮಕ್ಕಳ ಸ್ಕೂಲ್ ಡೇ... ಸಮಾರಂಭ ಯಾವುದೇ ಇರಲಿ, ಮುಗಿಯೋ ಹೊತ್ತಿಗೆ ನಿಮ್ಮ ಫೋನಿನಲ್ಲಿ ಐವತ್ತು ಅರವತ್ತು ವಿಡಿಯೊ ತುಣುಕುಗಳು ಸೇರಿರುತ್ತವೆ. ನಾದಿನಿ ತೆಗೆದದ್ದು, ಅಣ್ಣನ ಮಗ ತೆಗೆದದ್ದು ಅಂತ ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಂದಿಷ್ಟು ಬರುತ್ತವೆ. ‘ಆಮೇಲೆ ಕೂತು ನೋಡೋಣ’ ಅಂದುಕೊಳ್ಳುತ್ತೇವೆ. ಆ ‘ಆಮೇಲೆ’ ಬರೋದು ‘ಸ್ಟೋರೇಜ್ ಫುಲ್’ ಅಂತ ಫೋನ್ ಬೊಬ್ಬೆ ಹೊಡೆದಾಗ ಮಾತ್ರ. ಆಗ ಯಾವುದನ್ನು ಉಳಿಸೋದು, ಯಾವುದನ್ನು ಅಳಿಸೋದು?

ನಮ್ಮ ಹೆಬ್ಬಗೋಡಿಯಂಥ ಕಡೆ ಈ ವಿಡಿಯೊಗಳಿಗೆ ಬೆಲೆ ಸ್ವಲ್ಪ ಜಾಸ್ತಿನೇ. ಇಲ್ಲಿ ಎದುರು ಮನೆಯವರು ಹಾಸನದ ಕಡೆಯವರು, ಪಕ್ಕದ ಮನೆಯವರು ಕಲಬುರಗಿಯವರು, ಮೇಲಿನ ಮನೆಯವರು ಒಡಿಶಾದವರು. ಯಜಮಾನರಿಗೆ ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಶಿಫ್ಟು, ಇಲ್ಲಾಂದ್ರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲ ಊರಲ್ಲಿ. ಮೊಮ್ಮಗಳು ಸ್ಟೇಜ್ ಮೇಲೆ ಕುಣಿದದ್ದನ್ನು, ಸೊಸೆ ಹೊಸ ಮನೆಯಲ್ಲಿ ಹಾಲುಕ್ಕಿಸಿದ್ದನ್ನು ಅವರು ನೋಡೋದು ಫೋನಿನಲ್ಲೇ. ಅಲ್ಲಾಡುವ, ಅರ್ಧಕ್ಕೇ ನಿಲ್ಲುವ ಮೂವತ್ತು ತುಣುಕು ಕಳಿಸಿದರೆ ಪಾಪ, ಎಷ್ಟು ಅಂತ ನೋಡಿಯಾರು? ಅದನ್ನೇ ಒಂದು ಹಾಡಿನ ಜೊತೆ ಒಂದು ನಿಮಿಷಕ್ಕೆ ಇಳಿಸಿ ಕಳಿಸಿ ನೋಡಿ, ಕಥೆಯೇ ಬೇರೆ.

ಆದರೆ ಹಾಡು ಹಾಕಿದ ಮಾತ್ರಕ್ಕೆ ಆಗಲ್ಲ. ಹಿಂದೆ ಮದುವೆ ವಿಡಿಯೊ ಕ್ಯಾಸೆಟ್‌ಗಳಲ್ಲಿ ನೋಡಿದ್ದೀರಲ್ಲ, ಹಾಡು ಒಂದು ಕಡೆ, ಊಟದ ಪಂಕ್ತಿ ಇನ್ನೊಂದು ಕಡೆ! ಹಾಡಿಗೂ ಚಿತ್ರಕ್ಕೂ ಎಣ್ಣೆ ಸೀಗೇಕಾಯಿ. ಒಂದು ತುಣುಕು ಮುಗಿದು ಇನ್ನೊಂದು ಬರುವ ಜಾಗ ಹಾಡಿನ ಬೀಟ್ ಮೇಲೆ ಬಿದ್ದರೆ ಮಾತ್ರ ಎರಡೂ ಬೆರೆಯುತ್ತವೆ. ಈ ಹದ ಸಿಕ್ಕಿಬಿಟ್ಟರೆ ಮಾಮೂಲಿ ಫೋನಿನ ವಿಡಿಯೊ ಕೂಡ ಸಿನಿಮಾ ಹಾಡಿನ ಹಾಗೆ ಕಾಣುತ್ತೆ.

ಇದು ಹೆಂಗಸರ ಕೆಲಸವೇ!

‘ಎಡಿಟಿಂಗ್ ಎಲ್ಲ ಹುಡುಗರ ಕೆಲಸ, ನಮಗೆಲ್ಲಿ ಬರುತ್ತೆ?’ ಅಂತ ಮೂಗು ಮುರೀಬೇಡಿ. ಸಿನಿಮಾ ಶುರುವಾದ ಕಾಲದಲ್ಲಿ ಅಮೆರಿಕ, ಯುರೋಪಿನ ಸ್ಟುಡಿಯೊಗಳಲ್ಲಿ ಫಿಲ್ಮ್ ಕತ್ತರಿಸಿ ಅಂಟಿಸುವ ಮೇಜಿನ ಮುಂದೆ ಕೂತವರಲ್ಲಿ ಹೆಂಗಸರೇ ಬಹಳ ಮಂದಿ. ಹೊಲಿಗೆಯಂತೆ ಇದಕ್ಕೂ ತಾಳ್ಮೆ ಬೇಕು ಅಂತ ಅವರಿಗೆ ವಹಿಸುತ್ತಿದ್ದರು. 1929ರಲ್ಲಿ ಸೋವಿಯತ್ ದೇಶದಲ್ಲಿ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ ಎಂಬ ಚಿತ್ರ ಬಂತು. ಅದು ಮೂಕಿ ಚಿತ್ರ. ಆದರೂ ನೋಡುತ್ತಿದ್ದರೆ ಯಾರೋ ತಾಳ ಹಾಕುತ್ತಿದ್ದಾರೆ ಅನಿಸುತ್ತೆ. ಅದನ್ನು ಕತ್ತರಿಸಿ ಜೋಡಿಸಿದ್ದು ನಿರ್ದೇಶಕ ಜಿಗಾ ವೆರ್ಟೋವ್ ಅವರ ಪತ್ನಿ ಎಲಿಜವೇಟಾ ಸ್ವಿಲೋವಾ. ಆಕೆ ಮೇಜಿನ ಮುಂದೆ ಕೂತು ಫಿಲ್ಮ್ ಕತ್ತರಿಸೋದು, ಬೇರೆ ಹೆಂಗಸರು ಬಟ್ಟೆ ಹೊಲಿಯೋದು, ಎರಡನ್ನೂ ಆ ಚಿತ್ರದಲ್ಲೇ ಪಕ್ಕಪಕ್ಕದಲ್ಲಿ ತೋರಿಸಿದ್ದಾರೆ.

ನಮ್ಮ ಸಿನಿಮಾ ಹಾಡುಗಳಲ್ಲಂತೂ ಕುಣಿತ ಮತ್ತು ಬೀಟ್ ಹೊಂದಿಕೊಳ್ಳೋದು ಆಶ್ಚರ್ಯವಲ್ಲ. ಮೊದಲು ಹಾಡು ರೆಕಾರ್ಡ್ ಆಗುತ್ತೆ. ಆಮೇಲೆ ಅದನ್ನು ಜೋರಾಗಿ ಹಾಕಿಕೊಂಡೇ ಶೂಟಿಂಗ್. ಕೊನೆಗೆ ಎಡಿಟರ್ ಅದೇ ಹಾಡನ್ನು ಕೇಳುತ್ತ ಕತ್ತರಿ ಆಡಿಸುತ್ತಾರೆ. ನಮ್ಮ ಕನ್ನಡದ ಸಂಕಲನಕಾರ ಸುರೇಶ್ ಅರಸ್ ಅವರು 1995ರ ‘ಬಾಂಬೆ’ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದವರು. ದೂರದರ್ಶನದ ‘ಚಿತ್ರಮಂಜರಿ’ ಕಾಲದಿಂದ ಹಾಡು ನೋಡುತ್ತಲೇ ಬೆಳೆದ ನಮ್ಮ ಕಣ್ಣಿಗೆ ತಾಳ ತಪ್ಪಿದ್ದು ತಟ್ಟನೆ ಗೊತ್ತಾಗುತ್ತೆ. ಹೆಸರಿಡಲು ಬರದಿರಬಹುದು, ಅಷ್ಟೇ.

ಆದಿತಾಳ ನೆನಪಿದೆಯಾ?

ಸರಳೆ ವರಸೆ ಹಾಡುತ್ತ ತೊಡೆ ಮೇಲೆ ತಾಳ ಹಾಕಿದ್ದು ಜ್ಞಾಪಿಸಿಕೊಳ್ಳಿ. ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅಲ್ಲಿಗೆ ನಾಲ್ಕು. ಮತ್ತೆ ಒಂದು ತಟ್ಟು, ಒಂದು ಬೀಸು, ಇನ್ನೊಂದು ತಟ್ಟು, ಇನ್ನೊಂದು ಬೀಸು. ಒಟ್ಟು ಎಂಟು. ಇದೇ ಆದಿತಾಳ. ಈಗಿನ ಸಿನಿಮಾ ಹಾಡುಗಳಲ್ಲಿ ಬಹುಪಾಲು ಇದೇ ನಾಲ್ಕು, ಎಂಟರ ಲೆಕ್ಕದಲ್ಲೇ ಓಡುತ್ತವೆ. ಹುಡುಗರು ‘ಒನ್, ಟೂ, ತ್ರೀ, ಫೋರ್’ ಅಂತ ಎಣಿಸುವ ಬೀಟ್ ಬೇರೇನಲ್ಲ, ನಿಮ್ಮ ಅಕ್ಷರಕಾಲವೇ.

ಎಲ್ಲ ಹಾಡೂ ಹಾಗಲ್ಲ. ಕೆಲವು ಜೋಗುಳ, ಕೆಲವು ಜಾನಪದ ಹಾಡು ಮೂರರ ನಡೆಯಲ್ಲಿ ತೂಗುತ್ತವೆ. ಕೈಯಲ್ಲಿ ನಾಲ್ಕು ಎಣಿಸಿ ನೋಡಿ. ಹೊಂದಲಿಲ್ಲವೆ? ತಟ್ಟು, ತಟ್ಟು, ಬೀಸು ಅಂತ ರೂಪಕದ ಹಾಗೆ ಮೂರು ಎಣಿಸಿ. ಹೊಂದಿದರೆ ಆ ಹಾಡಿನ ವಿಡಿಯೊವನ್ನು ಮೂರು ಅಥವಾ ಆರು ಎಣಿಕೆಗೊಮ್ಮೆ ಕತ್ತರಿಸಬೇಕು.

ಇನ್ನೊಂದು ಮಾತು. ತಾಳದ ಆವರ್ತ ಶುರುವಾಗುವ ಮೊದಲ ತಟ್ಟು ಇದೆಯಲ್ಲ, ಅದೇ ಸಮ. ಕಿವಿ ಕಾಯುತ್ತಿರೋದು ಅದಕ್ಕೇ. ಆದರೆ ಸಾಹಿತ್ಯ ಸಮದಲ್ಲೇ ಶುರುವಾಗಬೇಕು ಅಂತಿಲ್ಲ, ಅರ್ಧ ಅಕ್ಷರ ಬಿಟ್ಟು ಎತ್ತುವ ಹಾಡುಗಳೂ ಇವೆ. ಹಾಗಾಗಿ ಹಾಡುವವರ ಮಾತನ್ನು ಹಿಂಬಾಲಿಸಬೇಡಿ. ತಬಲ, ಡೋಲು, ಡ್ರಮ್ಸ್, ಯಾವುದಿದೆಯೋ ಅದರ ದಪ್ಪ ಪೆಟ್ಟನ್ನು ಹಿಡಿಯಿರಿ.

ಮೊದಲು ಹಾಡು, ಆಮೇಲೆ ವಿಡಿಯೊ

ವಿಎನ್, ಇನ್‌ಶಾಟ್, ಕೈನ್‌ಮಾಸ್ಟರ್ ಹೀಗೆ ಫೋನಿನಲ್ಲೇ ಎಡಿಟ್ ಮಾಡುವ ಆ್ಯಪ್‌ಗಳು ಹಲವು. ಯಾವುದಾದರೂ ಒಂದು ಸಾಕು. ಬಹಳ ಜನ ಮೊದಲು ವಿಡಿಯೊಗಳನ್ನೆಲ್ಲ ಸಾಲಾಗಿ ಜೋಡಿಸಿ ಕೊನೆಗೆ ಹಾಡು ಹಾಕುತ್ತಾರೆ. ಆಗಲೇ ತಾಳ ತಪ್ಪೋದು. ಅಕ್ಕಿ ಎಷ್ಟು ಅಂತ ನೋಡದೆ ನೀರಿಟ್ಟ ಹಾಗೆ! ಮೊದಲು ಹಾಡು ಹಾಕಿಕೊಳ್ಳಿ, ನಿಮಗೆ ಬೇಕಾದ ಒಂದು ನಿಮಿಷವನ್ನು ಮಾತ್ರ ಉಳಿಸಿಕೊಳ್ಳಿ, ಆ ಅಳತೆಗೆ ವಿಡಿಯೊ ತುಂಬಿ.

ಹಾಡಿನ ವೇಗ ತಿಳಿಯೋದು ಸುಲಭ. ಗಡಿಯಾರ ನೋಡುತ್ತ 15 ಸೆಕೆಂಡಿನಲ್ಲಿ ಎಷ್ಟು ಬೀಟ್ ಬಂತು ಅಂತ ಎಣಿಸಿ, ನಾಲ್ಕರಿಂದ ಗುಣಿಸಿ. 25 ಬಂದರೆ ನಿಮಿಷಕ್ಕೆ 100 ಬೀಟ್. ಅಂದರೆ ಒಂದು ಬೀಟಿಗೆ 0.6 ಸೆಕೆಂಡ್, ನಾಲ್ಕು ಬೀಟಿನ ಒಂದು ಕಟ್ಟಿಗೆ 2.4 ಸೆಕೆಂಡ್. ನಿಮಿಷಕ್ಕೆ 120 ಬೀಟ್ ಇದ್ದರೆ ಲೆಕ್ಕ ಇನ್ನೂ ಸಲೀಸು, ನಾಲ್ಕು ಬೀಟಿಗೆ ಸರಿಯಾಗಿ 2 ಸೆಕೆಂಡ್.

ಈಗ ಗುರುತು ಹಾಕುವ ಸರದಿ. ಹಾಡಿನ ಪಟ್ಟಿಯನ್ನು ದೊಡ್ಡದು ಮಾಡಿದರೆ ಏರಿಳಿತದ ಗೆರೆಗಳು ಕಾಣುತ್ತವೆ. ಗೆರೆ ಎದ್ದು ನಿಂತ ಜಾಗವೇ ಸಾಮಾನ್ಯವಾಗಿ ಡೋಲಿನ ಪೆಟ್ಟು. ಅನೇಕ ಆ್ಯಪ್‌ಗಳಲ್ಲಿ ಹಾಡು ಓಡುತ್ತಿರುವಾಗಲೇ ಬಟನ್ ಒತ್ತಿ ಗುರುತು ಹಾಕಬಹುದು. ಕೆಲವು ತಾವೇ ಬೀಟ್ ಹುಡುಕಿ ಗುರುತು ಹಾಕಿಕೊಡುತ್ತವೆ. ಹೊಸ ಹಾಡುಗಳಿಗೆ ಇದು ಸರಿ. ಆದರೆ ಹಳೆಯ ಹಾಡುಗಳಲ್ಲಿ ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸುತ್ತಿದ್ದರು. ಕಂಪ್ಯೂಟರ್ ಹಿಡಿತ ಇರಲಿಲ್ಲ. ವೇಗ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗುತ್ತಲೇ ಇರುತ್ತೆ. ಅಂಥ ಹಾಡಿಗೆ ಕ್ಯಾಲ್ಕುಲೇಟರ್ ಬಿಟ್ಟು ಕಿವಿಯನ್ನೇ ನಂಬಿ.

ಒಂದು ಎಚ್ಚರಿಕೆ: ಈ ಕೆಲಸಕ್ಕೆ ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಅದರಲ್ಲಿ ಸದ್ದು ಕಿವಿಗೆ ಸ್ವಲ್ಪ ತಡವಾಗಿ ತಲುಪುತ್ತೆ. ಅದನ್ನು ಕೇಳುತ್ತ ಗುರುತು ಒತ್ತಿದರೆ ಎಲ್ಲ ಗುರುತೂ ಒಂದಿಷ್ಟು ಹಿಂದೆ ಬೀಳುತ್ತವೆ. ವೈರ್ ಇರುವ ಇಯರ್‌ಫೋನ್ ಅಥವಾ ಫೋನಿನ ಸ್ಪೀಕರ್ ಒಳ್ಳೆಯದು.

ಕತ್ತರಿ ಎಲ್ಲಿ ಬೀಳಬೇಕು?

ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯೋರನ್ನು ನೋಡಿದ್ದೀರಾ? ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತೆ, ಸದ್ದು ಆಮೇಲೆ ಕೇಳುತ್ತೆ. ಮಿಂಚು ಮೊದಲು, ಗುಡುಗು ಆಮೇಲೆ. ನಮ್ಮ ಕಣ್ಣು ಕಿವಿಗೆ ಈ ಕ್ರಮ ಒಗ್ಗಿಹೋಗಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಟಿ.ವಿ. ಪ್ರಸಾರಕ್ಕೆ ಕೊಟ್ಟಿರುವ ಅಳತೆಯೂ ಇದನ್ನೇ ಹೇಳುತ್ತೆ. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದರೆ ಸಾಕು, ನೋಡುವವರಿಗೆ ಗೊತ್ತಾಗುತ್ತೆ. ಹಿಂದಾದರೆ ಸುಮಾರು 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗಲ್ಲ.

ಇದರಿಂದ ನಮಗೇನು ಲಾಭ? ಫೋನಿನ ವಿಡಿಯೊದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್, ಅಂದರೆ ಒಂದು ಫ್ರೇಮಿಗೆ ಸುಮಾರು 33 ಮಿಲಿಸೆಕೆಂಡ್. ಕತ್ತರಿ ಬೀಟ್ ಮೇಲೆ ಸರಿಯಾಗಿ ಬೀಳದಿದ್ದರೆ ಒಂದೆರಡು ಫ್ರೇಮ್ ಮುಂಚೆಯೇ ಬೀಳಲಿ, ತಡವಾಗಿ ಮಾತ್ರ ಬೇಡ. ಹೊಸ ಚಿತ್ರ ಬಂದು ನಿಂತಿತು, ಮೇಲೆ ‘ಢಂ’ ಅಂತ ಪೆಟ್ಟು ಬಿತ್ತು. ಹೀಗಿದ್ದರೆ ಚೆನ್ನ. ಪೆಟ್ಟು ಬಿದ್ದಮೇಲೆ ಚಿತ್ರ ಬದಲಾದರೆ ಯಾರೋ ತಡವಾಗಿ ಚಪ್ಪಾಳೆ ತಟ್ಟಿದ ಹಾಗಿರುತ್ತೆ.

ಬೀಟಿಗೆ ಹೊಂದಿಸೋದು ಅಂದರೆ ಕತ್ತರಿಸೋದು ಮಾತ್ರವಲ್ಲ. ತುಣುಕಿನ ಒಳಗೂ ಪೆಟ್ಟುಗಳಿರುತ್ತವೆ. ತೆಂಗಿನಕಾಯಿ ಒಡೆಯೋದು, ಅಕ್ಷತೆ ಬೀಳೋದು, ಮಗು ಚಪ್ಪಾಳೆ ತಟ್ಟೋದು, ಪಾತ್ರೆಯಿಂದ ಹಾಲು ಉಕ್ಕೋದು... ಆ ಕ್ಷಣವನ್ನೇ ಸಮದ ಮೇಲೆ ಕೂರಿಸಿ. ತುಣುಕಿನ ಆರಂಭವನ್ನು ಹಿಂದೆ ಮುಂದೆ ಎಳೆದರೆ ಇದು ಸಾಧ್ಯ. ಕಾಯಿ ಒಡೆಯೋದೂ ತಬಲದ ಪೆಟ್ಟೂ ಒಟ್ಟಿಗೇ ಬಿದ್ದಾಗ ನೋಡುವವರ ಮುಖ ಅರಳದಿದ್ದರೆ ಕೇಳಿ!

ಪ್ರತಿ ಬೀಟಿಗೂ ಕತ್ತರಿ ಬೇಡ

ಹೊಸದಾಗಿ ಕಲಿತವರಿಗೆ ಉತ್ಸಾಹ ಹೆಚ್ಚು, ಪ್ರತಿ ಬೀಟಿಗೂ ಚಿತ್ರ ಬದಲಾಯಿಸುತ್ತಾರೆ. ಅರ್ಧ ಸೆಕೆಂಡಿಗೊಂದು ಮುಖ ಬಂದು ಹೋದರೆ ಊರಲ್ಲಿರುವ ಮಾವನವರಿಗೆ ‘ಇದ್ಯಾರು? ಅದ್ಯಾರು?’ ಅಂತ ಗುರುತು ಹಿಡಿಯೋಕೂ ಆಗಲ್ಲ. ಎಲ್ಲಕ್ಕೂ ಒಗ್ಗರಣೆ ಹಾಕಿದರೆ ಊಟ ರುಚಿಸುತ್ತಾ? ನಿಧಾನ, ಮಧ್ಯಮ, ವೇಗ ಮೂರೂ ಇರಲಿ.

ಹೊಸ ಫ್ಲ್ಯಾಟಿನ ಗೃಹಪ್ರವೇಶ ಅಂತಲೇ ಇಟ್ಟುಕೊಳ್ಳಿ. ಹಾಡಿನ ವೇಗ ನಿಮಿಷಕ್ಕೆ 100 ಬೀಟ್. ಒಂದು ನಿಮಿಷದಲ್ಲಿ ನಾಲ್ಕು ಬೀಟಿನ 25 ಕಟ್ಟುಗಳು ಸಿಗುತ್ತವೆ. ಅವನ್ನು ಹೀಗೆ ಹಂಚಬಹುದು:

* ಮೊದಲ 4 ಕಟ್ಟು: ಎರಡೇ ತುಣುಕು, ನಿಧಾನವಾಗಿ. ಕಟ್ಟಡದ ಹೊರನೋಟ, ಅದರ ಹಿಂದೆ ಮೆಟ್ರೊ ಹಳದಿ ಮಾರ್ಗದ ರೈಲು ಹೋಗುತ್ತಿದ್ದರೆ ಇನ್ನೂ ಚೆಂದ. ಆಮೇಲೆ ತೋರಣ ಕಟ್ಟಿದ ಹೊಸ್ತಿಲು.
* ನಂತರ 8 ಕಟ್ಟು: ಕಟ್ಟಿಗೊಂದು ತುಣುಕು. ರಂಗೋಲಿ, ಕಲಶ, ಹೂವು, ದೀಪ, ಹೋಮ, ಗೇಟಿನ ಹತ್ತಿರ ನಿಂತ ಹಸು ಕರು, ಬಂದ ನೆಂಟರು, ಓಡಾಡುವ ಮಕ್ಕಳು.
* ಮುಂದಿನ 1 ಕಟ್ಟು: ಬೀಟಿಗೊಂದರಂತೆ ನಾಲ್ಕು ನಗುಮುಖ. ಟಕ ಟಕ ಟಕ ಟಕ!
* ಆಮೇಲೆ 2 ಕಟ್ಟು: ಹಾಲು ಉಕ್ಕುವುದು. ಉಕ್ಕಿದ ಕ್ಷಣ ಸಮಕ್ಕೆ ಬರಲಿ.
* ನಂತರ 6 ಕಟ್ಟು: ಅಜ್ಜಿ ಹರಸುವ ಮಾತು. ಇಲ್ಲಿ ಕತ್ತರಿಯೇ ಇಲ್ಲ.
* ಕೊನೆಯ 4 ಕಟ್ಟು: ಬಾಳೆಲೆ ಊಟ, ಮನೆಮಂದಿಯೆಲ್ಲ ನಿಂತ ಫೋಟೊ.

ಒಟ್ಟು 25 ಕಟ್ಟು, 18 ತುಣುಕು, ಸರಿಯಾಗಿ 60 ಸೆಕೆಂಡ್. ಮಧ್ಯಾಹ್ನ ಪಾತ್ರೆ ತೊಳೆದು, ಮಕ್ಕಳು ಸ್ಕೂಲಿಂದ ಬರುವ ಮುಂಚೆ ಸಿಗುವ ಎರಡು ಗಂಟೆ ಇದಕ್ಕೆ ಸಾಕು. ಮೊದಲನೇ ಸಲ ಎರಡು ಮಧ್ಯಾಹ್ನ ಹಿಡಿಯಬಹುದು, ಬೇಜಾರು ಬೇಡ.

ಅದರದ್ದೇ ತಾಳ ಇರುವಾಗ...

ಕೆಲವು ವಿಡಿಯೊಗಳಿಗೆ ಹಾಡೇ ಬೇಕಿಲ್ಲ. ನಮ್ಮ ಪಕ್ಕದ ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಮುಗಿಲೆತ್ತರದ ಕುರ್ಜುಗಳನ್ನು ಎಳೆದು ತರುತ್ತಾರೆ. ಅಲ್ಲಿ ತಮಟೆ ಸದ್ದಿನ ಮೇಲೆ ನೀವು ಸಿನಿಮಾ ಹಾಡು ಹಾಕಿದರೆ ಎರಡು ತಾಳ ಒಂದಕ್ಕೊಂದು ಜಗಳ ಆಡುತ್ತವೆ. ಒಂದು ನಿಮಿಷದ ಒಳ್ಳೆಯ ತಮಟೆ ಸದ್ದನ್ನು ಕಡಿಯದೆ ಹಾಗೇ ಕೆಳಗೆ ಹಾಸಿ, ಅದನ್ನೇ ಹಾಡು ಅಂದುಕೊಂಡು ಉಳಿದ ತುಣುಕುಗಳನ್ನು ಮೇಲೆ ಜೋಡಿಸಿ. ಅಂದ ಹಾಗೆ, 2024 ಮತ್ತು 2025ರ ಜಾತ್ರೆಯಲ್ಲಿ ಕುರ್ಜು ಉರುಳಿದ್ದು ನೆನಪಿರಲಿ. ವಿಡಿಯೊ ಆಸೆಗೆ ಹತ್ತಿರ ಹೋಗಬೇಡಿ, ದೂರ ನಿಂತು ತೆಗೆಯಿರಿ.

ಅಜ್ಜಿಯ ದನಿ ಮುಚ್ಚಬೇಡಿ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹಾಡು ಹಾಕಿದ ಕೂಡಲೇ ನಾವು ಮಾಡುವ ಮೊದಲ ಕೆಲಸ ಏನು? ತುಣುಕುಗಳನ್ನೆಲ್ಲ ‘ಮ್ಯೂಟ್’ ಮಾಡೋದು. ಗಲಾಟೆ, ಫ್ಯಾನಿನ ಸದ್ದು, ಯಾರೋ ಕೂಗಿದ್ದು ಎಲ್ಲ ಹೋಗಲಿ ಅಂತ. ಅದರ ಜೊತೆಗೇ ಅಜ್ಜಿ ‘ನೂರ್ಕಾಲ ಚೆನ್ನಾಗಿರ್ರಪ್ಪ’ ಅಂದದ್ದೂ, ಮಗು ಮೊದಲ ಸಲ ‘ಅತ್ತೆ’ ಅಂದದ್ದೂ ಹೋಗಿಬಿಡುತ್ತೆ. ಅಂಥ ವಿಡಿಯೊ ಮಾಡಿ, ಜಾಗ ಇಲ್ಲ ಅಂತ ಮೂಲ ತುಣುಕುಗಳನ್ನೂ ಅಳಿಸಿಬಿಟ್ಟರೆ ಮುಗಿಯಿತು. ಹಾಡು ಎಲ್ಲಿ ಬೇಕಾದರೂ ಸಿಗುತ್ತೆ. ಆ ದನಿ ಇರೋದು ನಿಮ್ಮ ಫೋನಿನಲ್ಲಿ ಮಾತ್ರ.

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಫೋಟೊ ಗೋಡೆ ಮೇಲಿರುತ್ತೆ, ಹಾರ ಹಾಕುತ್ತೇವೆ. ಆದರೆ ಅವರು ಹೇಗೆ ಕರೆಯುತ್ತಿದ್ದರು, ಯಾವ ಮಾತಿಗೆ ನಗುತ್ತಿದ್ದರು ಅನ್ನೋದು ಮಕ್ಕಳಿಗೆ ತಿಳಿಯೋದು ಇಂಥ ತುಣುಕುಗಳಿಂದಲೇ. ಎಷ್ಟೋ ಮನೆಗಳಲ್ಲಿ ಹುಡುಕಿದಾಗ ಸಿಗೋದು ಬರೀ ಸಿನಿಮಾ ಹಾಡಿನ ಹಿಂದೆ ತುಟಿ ಅಲ್ಲಾಡಿಸುವ ಅಜ್ಜಿ. ಏನಂದರು ಅಂತ ಯಾರನ್ನು ಕೇಳೋದು?

ಹಾಗಂತ ಹಾಡು ಬಿಡಬೇಕಿಲ್ಲ. ಕಚೇರಿಯಲ್ಲಿ ಗಮನಿಸಿದ್ದೀರಲ್ಲ, ಹಾಡುವವರು ಮೆಲ್ಲಗೆ ಆಲಾಪಕ್ಕೆ ಇಳಿದರೆ ಮೃದಂಗದವರು ಕೈ ಕಟ್ಟಿ ಕೂರುತ್ತಾರೆ. ದನಿ ಮುಚ್ಚುವಂತೆ ಬಾರಿಸಲ್ಲ. ನೀವೂ ಅದನ್ನೇ ಮಾಡಿ. ಎಲ್ಲ ತುಣುಕು ಮ್ಯೂಟ್ ಮಾಡುವ ಮೊದಲು ಒಂದು ಸಲ ಕಿವಿಗೊಟ್ಟು ಕೇಳಿ, ಉಳಿಸಬೇಕಾದ ಒಂದೆರಡು ಮಾತು ಆರಿಸಿ. ಆ ಜಾಗದಲ್ಲಿ ಹಾಡಿನ ಸದ್ದನ್ನು ಹತ್ತು ಹದಿನೈದು ಪರ್ಸೆಂಟಿಗೆ ಇಳಿಸಿ. ಇಳಿಸೋದು ಒಂದು ಕಟ್ಟು ಮುಗಿಯುವಾಗ, ಮತ್ತೆ ಏರಿಸೋದು ಸಮದ ಮೇಲೆ. ಕೆಳಗೆ ತಾಳ ಮೆಲ್ಲಗೆ ನಡೆಯುತ್ತಲೇ ಇರುತ್ತೆ, ಮೇಲೆ ಅಜ್ಜಿ ಮಾತಾಡುತ್ತಾರೆ. ಮಾತು ಮುಗಿದ ಕೂಡಲೇ ಹಾಡು ತುಂಬಿಕೊಂಡು ಬಂದಾಗ ಕಣ್ಣು ಒದ್ದೆಯಾಗದಿದ್ದರೆ ಹೇಳಿ.

ಅಜ್ಜಿಯ ಮಾತು ಆರು ಕಟ್ಟಿನಲ್ಲಿ ಮುಗಿಯಲಿಲ್ಲ, ಏಳಾಯಿತು ಅನ್ನಿ. ಏನು ಕತ್ತರಿಸಬೇಕು? ಊಟದ ಎಲೆಯನ್ನು ಕತ್ತರಿಸಿ. ಮಾತನ್ನು ಮಾತ್ರ ಬೇಡ. ತಾಳ ಇರೋದು ನಮ್ಮವರನ್ನು ಚೆಂದ ಕಾಣಿಸೋಕೆ. ತಾಳಕ್ಕಾಗಿ ನಮ್ಮವರ ಮಾತನ್ನೇ ತುಂಡು ಮಾಡೋದು ಬೇಡ, ಅಲ್ವಾ?

ನೆನಪಿಡಿ

* ವಿಡಿಯೊ ತೆಗೆಯುವಾಗಲೇ ಫೋನನ್ನು ಹತ್ತು ಸೆಕೆಂಡ್ ಅಲ್ಲಾಡದಂತೆ ಹಿಡಿಯಿರಿ. ಒಂದೇ ಸೆಕೆಂಡಿನ ತುಣುಕನ್ನು ಯಾವ ತಾಳಕ್ಕೂ ಹೊಂದಿಸೋದು ಕಷ್ಟ.
* ಎಲ್ಲವನ್ನೂ ಅಡ್ಡ ಅಥವಾ ಎಲ್ಲವನ್ನೂ ಉದ್ದ ತೆಗೆಯಿರಿ. ಬೆರಕೆ ಆದರೆ ತಾಳ ಸರಿ ಇದ್ದರೂ ಕಣ್ಣಿಗೆ ಕಿರಿಕಿರಿ.
* ಹಾರುವ ಹೃದಯ, ಸುತ್ತುವ ಚಿತ್ರ ಇತ್ಯಾದಿ ಎಫೆಕ್ಟ್ ಕಡಿಮೆ ಬಳಸಿ. ಬೀಟ್ ಮೇಲೆ ಬಿದ್ದ ನೇರ ಕತ್ತರಿಯೇ ಸಾಕು.
* ಸಿನಿಮಾ ಹಾಡು ಮನೆಮಂದಿ ನೋಡೋಕೆ ಸರಿ. ಯೂಟ್ಯೂಬ್‌ಗೆ ಹಾಕಿದರೆ ಹಾಡಿನ ಹಕ್ಕು ಇರುವವರು ತಡೆಯಬಹುದು. ಯೂಟ್ಯೂಬಿನದೇ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಸಿಗುತ್ತೆ, ಅದನ್ನು ಬಳಸಿ.
* ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಚಿತ್ರ ಮಸುಕಾಗುತ್ತೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ.
* ಪಕ್ಕದ ಮನೆಯವರ ಮಕ್ಕಳು ವಿಡಿಯೊದಲ್ಲಿದ್ದರೆ ಎಲ್ಲರೂ ನೋಡುವ ಕಡೆ ಹಾಕುವ ಮೊದಲು ಅವರ ಅಮ್ಮನನ್ನು ಒಂದು ಮಾತು ಕೇಳಿ.
* ಮೂಲ ತುಣುಕುಗಳನ್ನು ಪೆನ್‌ಡ್ರೈವ್‌ಗೋ ಕಂಪ್ಯೂಟರಿಗೋ ಹಾಕಿದ ಮೇಲೆಯೇ ಫೋನಿನಿಂದ ಅಳಿಸಿ. ಮಾತಿರುವ ತುಣುಕಿಗೆ ಹೆಸರು, ತಾರೀಕು ಬರೆದಿಡಿ.

ಮತ್ತೇಕೆ ತಡ? ಫೋನ್ ತೆಗೆಯಿರಿ, ಒಂದು ಹಾಡು ಆರಿಸಿ, ತೊಡೆ ಮೇಲೆ ತಾಳ ಹಾಕಿ. ಸ್ಟೋರೇಜ್ ಖಾಲಿ ಮಾಡುವ ನೆಪದಲ್ಲಾದರೂ ಮನೆಯ ಹಿರಿಯರ ಎರಡು ಮಾತು ಉಳಿದುಕೊಳ್ಳಲಿ.